ಬಬಲೇಶ್ವರದಲ್ಲಿ ಒಂದೇ ಲಾಗಿನ್

ವಿಜಯಪುರಕ್ಕೆ ಬಂದ ಮೊದಲ ಬೆಳಿಗ್ಗೆ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಬಾಗಿಲನ್ನೂ ತಟ್ಟದೆ ನನ್ನ ಅಡುಗೆಮನೆಗೆ ನುಗ್ಗಿದಳು. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ಒಳಗೆ ಇಣುಕಿ ನೋಡಿ, ನನ್ನನ್ನು ಬೈಯತೊಡಗಿದಳು.

“ಯಾಕ ಬೇ, ಜ್ವಾಳದ ಹಿಟ್ಟಿಲ್ಲ, ರೊಟ್ಟಿ ಹಂಚಿಲ್ಲ. ಏನ ಮಣ್ಣ ತಿಂತಿ?”

ಅವಳು ಮನೆಯೊಡತಿ ಕಾಶೀಬಾಯಿ, ನರ್ಸ್ ಕೆಲಸದಿಂದ ನಿವೃತ್ತಳಾದವಳು. ಕೆಳಗಿನ ಮನೆ ಅವಳದು, ಮೇಲಿನದು ನನಗೆ ಬಾಡಿಗೆಗೆ ಕೊಟ್ಟದ್ದು. ಕೊಟ್ಟ ಮೇಲೂ ಅದು ತನ್ನದೇ ಎಂಬುದರಲ್ಲಿ ಅವಳಿಗೆ ಸ್ವಲ್ಪವೂ ಅನುಮಾನವಿರಲಿಲ್ಲ. ಡಬ್ಬಿಗಳಾದ ಮೇಲೆ ನನ್ನ ವಿಚಾರಣೆ ಶುರುವಾಯಿತು.

“ಗಂಡ ಎಲ್ಲದಾನ?”

“ಇಲ್ಲ.”

“ಇಲ್ಲಂದ್ರ? ಸತ್ತಾನೋ, ಬಿಟ್ಟಾನೋ?”

“ಮದುವೆಯೇ ಆಗಿಲ್ಲ.”

“ಹಂಗಾರ ಛಲೋ ಆತು. ಚಿಂತಿಲ್ಲ” ಎಂದು ಹೇಳಿ, ನಾನು ನಂಜನಗೂಡಿನಿಂದ ಹೊತ್ತು ತಂದಿದ್ದ ಬಾಳೆಹಣ್ಣಿನಲ್ಲಿ ಎರಡನ್ನು ಕಿತ್ತುಕೊಂಡು ಇಳಿದು ಹೋದಳು.

ನಮ್ಮ ಕಡೆ ಇಂಥ ಪ್ರಶ್ನೆ ಕೇಳಬೇಕೆಂದರೆ ಮೂರು ತಿಂಗಳು ಸುತ್ತಿಬಳಸಿ, ನಿಮ್ಮ ದೂರದ ಸಂಬಂಧಿಯೊಬ್ಬರನ್ನು ಹಿಡಿದು, ಅವರ ಬಾಯಿಂದ ಕೇಳಿಸುತ್ತಾರೆ. ಇಲ್ಲಿ ಎದುರಿಗೇ ಕೇಳುತ್ತಾರೆ, ಅದೂ ಬೀದಿಯ ಆಚೆ ಬದಿಗೆ ಕೇಳುವಷ್ಟು ಗಟ್ಟಿಯಾಗಿ. ಬಸ್ ನಿಲ್ದಾಣದ ಬಳಿ ನಾಲ್ಕು ಜನ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದಾರೆ ಎಂದು ಒಮ್ಮೆ ಹೆದರಿ ನಿಂತೆ. ಅವರು ಚಹಾ ಯಾರು ಕೊಡಿಸಬೇಕು ಎಂದು ಮಾತಾಡುತ್ತಿದ್ದರು. ಇದನ್ನೆಲ್ಲ ನಾನು ಮುದ್ದಾಗಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ಈ ಊರು ಹಿಡಿಸಲಿಲ್ಲ. ಬೋರಿನ ನೀರು ಉಪ್ಪು, ಕುಡಿದರೆ ಹೊಟ್ಟೆ ಉಬ್ಬುತ್ತದೆ, ತಲೆಗೆ ಸುರಿದುಕೊಂಡರೆ ಕೂದಲು ಉದುರುತ್ತದೆ. ಭೂತನಾಳದ ಕೆರೆಯ ನೀರು ಊರಿಗೆಲ್ಲ ಬರುತ್ತಿದ್ದ ಕಾಲದಲ್ಲಿ ತನ್ನ ಜಡೆ ಸೊಂಟದವರೆಗೆ ಇತ್ತೆಂದು ಕಾಶೀಬಾಯಿ ಹೇಳುತ್ತಾಳೆ. ಭಾನುವಾರಗಳಲ್ಲಿ ಆ ಕೆರೆಯ ದಂಡೆಗೆ ಹೋಗಿ ಕೂತು ಅತ್ತಿದ್ದೇನೆ. ಅಳುವುದಕ್ಕೂ ಅಲ್ಲಿ ಬಿಡುವಿಲ್ಲ. ಎಮ್ಮೆ ಹೊಡೆದುಕೊಂಡು ಬಂದವರೊಬ್ಬರು ಎದುರಿಗೇ ನಿಂತು “ಯಾರ ಸತ್ತಾರ್ರಿ?” ಎಂದು ಕೇಳಿದರು.

ನನ್ನ ಕೆಲಸವನ್ನು ಎರಡು ಮಾತಲ್ಲಿ ಹೇಳುತ್ತೇನೆ. ವಿಶ್ವವಿದ್ಯಾಲಯಗಳು, ಪ್ರಯೋಗಾಲಯಗಳು ತಮ್ಮತಮ್ಮೊಳಗೆ ಮಾತಾಡಲು ಹಾಕಿಕೊಂಡ ಪ್ರತ್ಯೇಕ ಜಾಲವೊಂದಿದೆ. ಮನೆಗೆ ಬರುವ ಇಂಟರ್‌ನೆಟ್ ಸಂತೆಯ ರಸ್ತೆಯಾದರೆ ಇದು ಖಾಲಿ ಹೆದ್ದಾರಿ. ದೂರದ ಪ್ರಾಧ್ಯಾಪಕರ ಪಾಠ ತಡವರಿಸದೆ ಬರುತ್ತದೆ. ಎಲ್ಲೋ ಇರುವ ದೊಡ್ಡ ಕಂಪ್ಯೂಟರಿನಲ್ಲಿ ಇಲ್ಲಿಂದಲೇ ಲೆಕ್ಕ ಹಾಕಬಹುದು. ಆ ಜಾಲದ ಒಂದು ತುದಿ ವಿಜಯಪುರದ ನಮ್ಮ ಕಚೇರಿಗೆ ಬಂದು, ಅಲ್ಲಿಂದ ತಿಕೋಟಾ ಮತ್ತು ಬಬಲೇಶ್ವರದ ಕಲಿಕಾ ಕೇಂದ್ರಗಳಿಗೆ ಹೋಗುತ್ತದೆ. ಆ ಎರಡು ಎಳೆಗಳನ್ನು ಕಾಯಲು ಮೈಸೂರಿನ ಸಂಸ್ಥೆಯೊಂದು ನನ್ನನ್ನು ಇಲ್ಲಿಗೆ ಎರವಲು ಕೊಟ್ಟಿತು. ಬಂದ ತಿಂಗಳಿನಿಂದಲೇ ವಾಪಸ್ ಕರೆಸಿಕೊಳ್ಳಿ ಎಂದು ತಿಂಗಳಿಗೊಂದು ಅರ್ಜಿ ಬರೆಯತೊಡಗಿದೆ. ಹನ್ನೊಂದು ಅರ್ಜಿಗಳಾದರೂ ಯಾರೂ ಉತ್ತರಿಸಲಿಲ್ಲ.

ಕಳೆದ ಫೆಬ್ರುವರಿಯ ಒಂದು ಬೆಳಿಗ್ಗೆ ತಿಕೋಟಾದ ಎಳೆ ಸತ್ತಿತು. ಕೇಬಲ್ ಜೋಡಿಸುವ ಇಸ್ಮಾಯಿಲ್ ಅವರ ಜೊತೆ ಹೋಗಿ ನೋಡಿದರೆ, ದ್ರಾಕ್ಷಿ ತೋಟದವರೊಬ್ಬರು ನೀರಿನ ಪೈಪಿಗೆಂದು ರಸ್ತೆ ಬದಿ ಅಗೆಸಿ ನಮ್ಮ ಕೇಬಲ್ಲನ್ನು ತುಂಡು ಮಾಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ತೆರೆದರು.

“ಬಾಯಾರ, ನಿಮ್ಮ ವೈರ್ ನನ್ನ ಹೊಲದ ಬಾಜೂಕ ಹಾಕಂತ ಯಾರ ಹೇಳ್ಯಾರ? ನನ್ನ ಪೈಪ್ ಎಲ್ಲಿ ಹೋಗಬೇಕು? ನಿಮ್ಮ ತಲಿ ಮ್ಯಾಲ ಹಾಯಿಸ್ಲೇನ?”

ಬಾಯಾರ ಎಂದರೆ ಇಲ್ಲಿಯ ಮೇಡಮ್. ಜಗಳ ಒಂದು ತಾಸು ನಡೆಯಿತು. ನಾನು ಹೇಳಿದ್ದು ಅವರಿಗೆ ಹತ್ತಲಿಲ್ಲ, ಅವರು ಹೇಳಿದ್ದು ನನಗೆ. ಕೊನೆಗೆ ಅವರೇ ಒಣದ್ರಾಕ್ಷಿಯ ಪೊಟ್ಟಣವೊಂದನ್ನು ಇಸ್ಮಾಯಿಲ್ ಅವರ ಕೈಗೆ ತುರುಕಿ, “ಆ ಬಾಯಾರ್ಗೆ ಕೊಡ್ರಿ, ಬಾಯಿ ಭಾಳ ಖಾರ ಐತಿ” ಎಂದರು. ನಾನದನ್ನು ಮುಟ್ಟಲಿಲ್ಲ.

ಆ ಸಿಟ್ಟು ಇಳಿಯುವ ಮೊದಲೇ ಕಚೇರಿಗೆ ಬಂದು ಕೂತೆ. ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ಒಂದು ಎಚ್ಚರಿಕೆ ಕಾದಿತ್ತು: ಬಬಲೇಶ್ವರ ಕೇಂದ್ರದಲ್ಲಿ ಸುಜಾತಾ ಎಂಬ ಒಂದೇ ಹೆಸರಿನಲ್ಲಿ ಒಂದೇ ಹೊತ್ತಿಗೆ ಹಲವು ಯಂತ್ರಗಳು ತೆರೆದಿವೆ. ಒಬ್ಬರಿಗೆ ಒಂದು ಲಾಗಿನ್, ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂಬುದು ನಮ್ಮ ವೃತ್ತಿಯ ಮೊದಲ ನಿಯಮ. ಆ ಕೇಂದ್ರಕ್ಕೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಫೋನು ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ಇವರ ಸಹವಾಸವೇ ಸಾಕು ಎಂದುಕೊಂಡು ಆ ಲಾಗಿನ್ ಮುಚ್ಚಿಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು.

ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಇಪ್ಪತ್ತೈದರ ವಯಸ್ಸಿನ ಹುಡುಗಿಯೊಬ್ಬಳು ನಿಂತಿದ್ದಳು. ಚಪ್ಪಲಿಗೆ ಕಪ್ಪು ಮಣ್ಣು ಮೆತ್ತಿತ್ತು. ಕೂತುಕೊಳ್ಳಲು ಹೇಳಿದೆ, ಕೂರಲಿಲ್ಲ.

“ನನ್ನ ಲಾಗಿನ್ ಮುಚ್ಚಿದವರು ನೀವೇನ್ರಿ?”

“ನೀವು ಸುಜಾತಾನಾ? ಪಾಸ್‌ವರ್ಡ್ ಊರಿಗೆಲ್ಲ ಹಂಚಿದ್ದೀರಲ್ಲ, ಅದು ತಪ್ಪು ಅಂತ ಗೊತ್ತಿಲ್ವಾ?”

“ಹಂಚಿಲ್ರಿ. ಕೂಡಿ ಕಲಿಯಾಕತ್ತೇವಿ. ನಾಕ ದಿನದಾಗ ನನ್ನ ಸಂದರ್ಶನ ಐತಿ. ಮುಚ್ಚೂಕಿಂತ ಮೊದಲ ಒಂದ ಮಾತ ಕೇಳಬಾರದೇನ್ರಿ?”

ಮಮದಾಪುರದ ಹುಡುಗಿ. ಅಪ್ಪ ಅಮ್ಮ ಎರಡು ಎಕರೆ ಹೊಲದ ಜೊತೆಗೆ ಕೂಲಿಗೂ ಹೋಗುತ್ತಾರೆ. ಇವಳು ದಿನವೂ ಬಸ್ಸಿನಲ್ಲಿ ಬಬಲೇಶ್ವರದ ಕೇಂದ್ರಕ್ಕೆ ಬಂದು, ದೂರದ ವಿಶ್ವವಿದ್ಯಾಲಯದ ಪಾಠ ಕೇಳಿ ಮಣ್ಣಿನ ಶಾಸ್ತ್ರ ಓದಿದವಳು. ಮಮದಾಪುರದ ಹಳೆಯ ಕೆರೆಗಳ ಹೂಳನ್ನು ರೈತರು ಹೊಲಕ್ಕೆ ಹೇರುತ್ತಾರೆ. ಕೆಲವು ಹೊಲ ಅದರಿಂದ ಹುಲುಸಾಗುತ್ತವೆ, ಕೆಲವು ಉಪ್ಪೇರಿ ಸವಳಾಗಿ ಕೆಡುತ್ತವೆ. ಯಾಕೆ ಎಂದು ಅವಳು ಹೊಲ ಹೊಲ ತಿರುಗಿ ಮಣ್ಣು ತಂದು ಪರೀಕ್ಷಿಸಿ, ಎಲ್ಲವನ್ನೂ ಆ ದೂರದ ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದಳು. ಸಂಶೋಧನೆಯ ಸೀಟಿಗೆ ಪರೀಕ್ಷಕರೆದುರು ಅದನ್ನೇ ತೆರೆದು ತೋರಿಸಬೇಕು, ಅದು ಲಾಗಿನ್ ಇಲ್ಲದೆ ತೆರೆಯುವುದಿಲ್ಲ. ವಯಸ್ಸಿನ ಮಿತಿ ಇದ್ದದ್ದರಿಂದ ಅವಳಿಗೆ ಇದೇ ಕೊನೆಯ ವರ್ಷ.

ತೆರೆದರಾಯಿತು ಎಂದು ನೀವು ಹೇಳಬಹುದು. ಲಾಗಿನ್ ಮುಚ್ಚಲು ನನ್ನೊಬ್ಬಳ ಬೆರಳು ಸಾಕು. ತೆರೆಯಲು ಬೆಂಗಳೂರಿನಲ್ಲಿ ಹದಿನೈದು ದಿನಕ್ಕೊಮ್ಮೆ ಕೂರುವ ಸಮಿತಿ ಬೇಕು. ಹಿಂದಿನ ದಿನವಷ್ಟೇ ಅದು ಕೂತು ಎದ್ದಿತ್ತು. ಫೋನಿನಲ್ಲಿ ಬೇಡಿಕೊಂಡೆ. ನಿಯಮ ಎಂದರು. ನಾನೇ ಜನರಿಗೆ ಹೇಳುವ ಧಾಟಿಯಲ್ಲಿಯೇ ಹೇಳಿದರು.

ಮರುದಿನ ಜೀಪು ಹಿಡಿದು ಬಬಲೇಶ್ವರಕ್ಕೆ ಹೋದೆ. ಸಂತೆಯ ದಿನ. ನನ್ನ ಒಂದು ಮಗ್ಗುಲಿಗೆ ಮೆಣಸಿನಕಾಯಿ ಚೀಲ, ಇನ್ನೊಂದಕ್ಕೆ ಕಾಲು ಕಟ್ಟಿದ ಎರಡು ಕೋಳಿ. ಕೇಂದ್ರದಲ್ಲಿ ಸುಜಾತಾ ಸೇರಿ ಮೂವತ್ತೆರಡು ಜನ ಇದ್ದರು. ಯಾರೂ ಬರ್ರಿ ಎನ್ನಲಿಲ್ಲ. ಬಾಯಿ ತೆರೆದರೆ ರಿ, ರಿ ಎನ್ನುವ ಸೀಮೆಯಲ್ಲಿ ಆ ಒಂದು ಮಾತೂ ಸಿಗದಿದ್ದರೆ ಎಷ್ಟು ಉರಿಯುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು.

“ನಿಮಗೆಲ್ಲ ಬೇರೆ ಬೇರೆ ಲಾಗಿನ್ ಕಳಿಸಿದ್ದೆವಲ್ಲ, ಅವು ಎಲ್ಲಿ?” ಎಂದೆ.

ಸುಜಾತಾ ಕಪಾಟು ತೆರೆದಳು. ಮೂವತ್ತೊಂದು ಲಕೋಟೆಗಳು ದಾರದಲ್ಲಿ ಕಟ್ಟಿ ಇಟ್ಟಂತೆಯೇ ಇದ್ದವು. ಒಂದನ್ನೂ ಒಡೆದಿರಲಿಲ್ಲ.

“ಮೊದಲ ಕೈಗೆ ಸಿಕ್ಕಿದ್ದು ನಂದು. ಅದನ್ನ ಒಡದ್ವಿ, ಬಾಗ್ಲಾ ತಗೀತು. ಒಂದ ಕೀಲಿಯಿಂದ ತಗದ ಬಾಗಲಕ್ಕ ಮೂವತ್ತೊಂದ ಕೀಲಿ ಯಾಕ ಬೇಕ್ರಿ?”

“ಅದು ನಿಮ್ಮ ಒಬ್ಬರದು.”

“ಬುತ್ತಿ ಬಿಚ್ಚಿದ ಮ್ಯಾಲ ಯಾರದಂತ ಕೇಳ್ತಾರೇನ್ರಿ?”

ಮಧ್ಯಾಹ್ನ ಅದನ್ನು ಕಣ್ಣಾರೆ ಕಂಡೆ. ಎಲ್ಲರೂ ಬುತ್ತಿ ಬಿಚ್ಚಿ ನಡುವೆ ಸುರಿದರು: ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ. ಹಿಂಡಿ ಎಂದರೆ ನಮ್ಮ ಚಟ್ನಿಪುಡಿಯ ಉಗ್ರ ರೂಪ. ಯಾರ ರೊಟ್ಟಿ ಯಾರು ತಿಂದರೆಂದು ದೇವರಿಗೂ ತಿಳಿಯುವಂತಿರಲಿಲ್ಲ. ನಾನು ಓದಿದ ಕಾಲೇಜಿನಲ್ಲಿ ನಾವು ಡಬ್ಬಿಯ ಮುಚ್ಚಳವನ್ನು ಅರ್ಧವೇ ತೆರೆದು, ಅದರ ಮರೆಯಲ್ಲಿ ತಿನ್ನುತ್ತಿದ್ದೆವು. ಇವರು ಪಾಠವನ್ನೂ ಹೀಗೆಯೇ ನಡುವೆ ಸುರಿದುಕೊಂಡಿದ್ದರು. ತಪ್ಪು ತಪ್ಪೇ, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಅದು ನಾನು ಅಂದುಕೊಂಡ ತಪ್ಪಲ್ಲ. ನಾಚಿಕೆಯಾಯಿತು. ನನ್ನ ಮುಂದೆಯೂ ಒಂದು ರೊಟ್ಟಿ ಬಂದು ಬಿತ್ತು, ಇಟ್ಟವರು ಯಾರೆಂದು ನೋಡುವ ಧೈರ್ಯವಾಗಲಿಲ್ಲ.

ಒಡೆಯದ ಲಕೋಟೆಗಳಿಂದಲೂ ಪ್ರಯೋಜನವಿರಲಿಲ್ಲ. ಮೂರು ತಿಂಗಳು ಬಳಸದ ಪಾಸ್‌ವರ್ಡ್ ತಾನಾಗಿಯೇ ಸಾಯುತ್ತದೆ. ಉಳಿದದ್ದು ಒಂದೇ ದಾರಿ. ಕೇಂದ್ರಗಳ ಅಧಿಕಾರಿಯಾದ್ದರಿಂದ ನನ್ನ ಲಾಗಿನ್ನಿನಲ್ಲಿ ಅವಳ ಕಡತವೂ ತೆರೆಯುತ್ತಿತ್ತು. ಯಾವ ತಪ್ಪಿಗೆ ಅವಳಿಗೆ ಶಿಕ್ಷೆ ಕೊಟ್ಟೆನೋ ಅದೇ ತಪ್ಪನ್ನು ನಾನು ಮಾಡಬೇಕಿತ್ತು.

ಸಂದರ್ಶನದ ದಿನ ಹನ್ನೊಂದಕ್ಕೆ ಬಬಲೇಶ್ವರದಲ್ಲಿ ನನ್ನ ಹೆಸರು ಒತ್ತಿ ಅವಳನ್ನು ಕೂರಿಸಿದೆ. ಪರದೆಯಲ್ಲಿ ಅವಳ ಮುಖ, ಕೆಳಗೆ ‘ಪದ್ಮಿನಿ, ಮೈಸೂರು’ ಎಂಬ ಅಕ್ಷರ. ಪರೀಕ್ಷಕರು ಮೂವರು. ಒಬ್ಬರು ಕನ್ನಡ ಬಲ್ಲವರು, ಹುಬ್ಬೇರಿಸಿ ಕೇಳಿದರು:

“ಪದ್ಮಿನಿ ಯಾರು?”

“ಲಾಗಿನ್ ಅವರದ್ರಿ ಸರ್. ಕೆಲಸ ನಂದು. ನಾ ಸುಜಾತಾ, ಮಮದಾಪುರದಾಕಿ. ಬೇಕಾದ್ರ ಗುರುತಿನ ಚೀಟಿ ತೋರಸ್ತೇನಿ” ಎಂದು ತೋರಿಸಿಯೇಬಿಟ್ಟಳು.

ಹತ್ತು ನಿಮಿಷ ಸರಾಗವಾಗಿ ನಡೆಯಿತು. ಹೊಲಗಳ ನಕ್ಷೆ ತೆರೆಯುತ್ತಿದ್ದಂತೆ ಮೂಲೆಯಲ್ಲಿ ಕೆಂಪು ಪಟ್ಟಿ ಎದ್ದಿತು: ಈ ಹೆಸರು ಎರಡು ಊರುಗಳಲ್ಲಿ ತೆರೆದಿದೆ, ಐದು ನಿಮಿಷದಲ್ಲಿ ಮುಚ್ಚಲಾಗುವುದು. ವಿಜಯಪುರದ ನನ್ನ ಮೇಜಿನ ಯಂತ್ರದಲ್ಲಿ ಲಾಗಿನ್ ಹಾಗೆಯೇ ಬಿಟ್ಟು ಬಂದಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಹೊರಗೆ ಓಡಿ, ಕಚೇರಿಯಲ್ಲಿದ್ದ ಇಸ್ಮಾಯಿಲ್ ಅವರಿಗೆ ಫೋನು ಮಾಡಿದೆ.

“ನನ್ನ ಮೇಜಿನ ಕೆಳಗಿನ ಪ್ಲಗ್ ಕಿತ್ತುಹಾಕಿ!”

“ಕಂಪ್ಯೂಟರ್ ಕೆಟ್ಟ ಹೋಗ್ತೈತಲ್ರಿ ಮೇಡಮ್?”

“ಹೋಗಲಿ! ಕೀಳ್ರಿ!”

ಕಿತ್ತರು. ಬಾಗಿಲಲ್ಲಿ ಇಣುಕಿ ನೋಡಿದೆ, ಕೆಂಪು ಪಟ್ಟಿ ಅಳಿಸಿಹೋಗಿತ್ತು. ಒಳಗೆ ಸುಜಾತಾ ಏನನ್ನೂ ಗಮನಿಸದೆ ಕೆರೆಯ ಹೂಳಿನ ಬಗ್ಗೆ ಪರೀಕ್ಷಕರೊಡನೆ ವಾದಕ್ಕಿಳಿದಿದ್ದಳು. ಅವಳ ದನಿ ಏರಿದಷ್ಟೂ ನನ್ನ ಎದೆಬಡಿತ ಇಳಿಯಿತು. ಈ ಊರಿನ ಗಟ್ಟಿ ಗಂಟಲು ನನಗೆ ಹಿತವಾಗಿ ಕೇಳಿದ್ದು ಅದೇ ಮೊದಲು.

ವಾರದಲ್ಲಿ ಸೀಟು ಅವಳಿಗಾಯಿತು. ಕೇಂದ್ರದವರೆಲ್ಲ ಕುಣಿದರು. ನನಗೊಂದು ಉಪಕಾರದ ಮಾತು ಹೇಳುತ್ತಾಳೇನೋ ಎಂದು ಕಾದು, ಕೊನೆಗೆ ನಾಚಿಕೆ ಬಿಟ್ಟು ನಾನೇ ಕೇಳಿದೆ.

“ಮುರದವರೂ ನೀವ, ಕೂಡಿಸಿದವರೂ ನೀವ. ನಾ ಯಾಕ ಉಪಕಾರ ಅನ್ಲಿ?” ಎಂದಳು.

ಎರಡು ಊರುಗಳ ಕೆಂಪು ಪಟ್ಟಿ ದಾಖಲೆಯಲ್ಲಿ ಉಳಿದಿತ್ತು. ಸಮಿತಿ ಕೇಳಿತು, ನಾನೇ ಮಾಡಿದ್ದು ಎಂದು ಬರೆದುಕೊಟ್ಟೆ. ಸುಜಾತಾಳ ಲಾಗಿನ್ ತೆರೆದರು, ನನ್ನದನ್ನು ಮುಚ್ಚಿದರು. ಜೊತೆಗೆ ಒಂದು ಕಾಗದ ಬಂತು: ನಿಯಮ ಮೀರಿದ ಕಾರಣ ನಿಮ್ಮನ್ನು ಮೈಸೂರಿಗೆ ಹಿಂದಿರುಗಿಸಲು ಯೋಚಿಸಲಾಗಿದೆ, ಎರಡೂ ಕಡೆಯ ಅಭಿಪ್ರಾಯ ಕೇಳಲಾಗಿದೆ. ಹನ್ನೊಂದು ಅರ್ಜಿಗೆ ಸಿಗದ್ದು ಶಿಕ್ಷೆಯಾಗಿ ಸಿಕ್ಕಿತು. ಅಂದು ಸಂಜೆ ಪೆಟ್ಟಿಗೆ ಇಳಿಸಿ ಧೂಳು ಒರೆಸಿದೆ. ಕೆಳಗಿನಿಂದ ಕಾಶೀಬಾಯಿ, “ಹೊಂಟೀ? ಹೋಗ್ ಹೋಗ್. ರೊಟ್ಟಿ ತಟ್ಟಾಕ ಬರಲಾರದಾಕಿ” ಎಂದು ಕೂಗಿ, ತನ್ನ ಮನೆಯ ಬಾಗಿಲನ್ನು ಧಡಾರನೆ ಹಾಕಿಕೊಂಡಳು.

ಮೈಸೂರಿನಿಂದ ಅಭಿಪ್ರಾಯ ಬೇಗ ಬಂತು. ಪದ್ಮಿನಿಯವರು ನಮ್ಮಲ್ಲಿಯೇ ಇದ್ದವರು, ಅವರ ಬಗ್ಗೆ ಗೌರವವಿದೆ, ಸದ್ಯಕ್ಕೆ ಇಲ್ಲಿ ಅವರಿಗೆ ಜಾಗವಿಲ್ಲ ಎಂದು ತುಂಬ ಸಭ್ಯವಾಗಿ ಬರೆದಿದ್ದರು. ನಾನು ಹತ್ತು ವರ್ಷ ಜೊತೆಗೆ ಕಾಫಿ ಕುಡಿದವರ ಸಹಿ ಕೆಳಗಿತ್ತು.

ಬಬಲೇಶ್ವರದ್ದು ಆಮೇಲೆ ಬಂತು, ಸುಜಾತಾಳ ಅಕ್ಷರದಲ್ಲಿ, ಮೂವತ್ತೆರಡು ಸಹಿಗಳೊಂದಿಗೆ. ಇಲ್ಲಿದೆ, ಹಾಗೆಯೇ ಇಳಿಸುತ್ತಿದ್ದೇನೆ:

“ಇವರು ನಮ್ಮವರಲ್ಲ. ಸಿಟ್ಟು ಬಹಳ. ಕೇಳದೆ ಲಾಗಿನ್ ಮುಚ್ಚುತ್ತಾರೆ. ನಾವು ಇವರನ್ನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವವರೆಗೆ ಇವರನ್ನು ಎಲ್ಲಿಗೂ ಕಳಿಸಬಾರದು.”

ಅದನ್ನು ಓದಿ ಕಾಶೀಬಾಯಿಯ ಎದುರಿಗೇ ಅತ್ತೆ. ಎರಡೂ ಅಭಿಪ್ರಾಯ ನೋಡಿದ ಸಮಿತಿ ನನ್ನನ್ನು ಇಲ್ಲಿಯೇ ಉಳಿಸಿತು. ಪೆಟ್ಟಿಗೆಯನ್ನು ಮತ್ತೆ ಮೇಲಕ್ಕೆ ಇಡಲು ಕಾಶೀಬಾಯಿಯೇ ಕೈ ಹಚ್ಚಿದಳು, ಬೈಯುತ್ತಲೇ. ನನಗೆ ಈ ಊರು ಇನ್ನೂ ಹಿಡಿಸಿಲ್ಲ. ಅವರೂ ನನ್ನನ್ನು ಇನ್ನೂ ಕ್ಷಮಿಸಿಲ್ಲ, ಪ್ರತಿ ಸಲ ಬಬಲೇಶ್ವರಕ್ಕೆ ಹೋದಾಗಲೂ ಕೇಳಿ ನೋಡುತ್ತೇನೆ. ಎಂದಾದರೂ ಒಂದು ದಿನ ಹೂಂ ಎಂದುಬಿಟ್ಟರೆ ಎಲ್ಲಿಗೆ ಹೋಗುವುದು ಎಂಬ ಹೆದರಿಕೆ ಮಾತ್ರ ಈಗ ಹೊಸದಾಗಿ ಶುರುವಾಗಿದೆ.