ಕಣದಲ್ಲಿ ಕೇಳಿದ ‘ಲಾಬಾ’

ಪವಾಡದ ಮಾತೆತ್ತಿದರೆ ನನಗೆ ಮೈ ಉರಿಯುತ್ತದೆ. ಹುಟ್ಟಾ ಕ್ರೈಸ್ತಳೇ, ಭಾನುವಾರದ ಪೂಜೆ ತಪ್ಪಿಸುವವಳಲ್ಲ. ಆದರೂ ಸತ್ತವರು ಮಾತಾಡಿದರು ಎಂದು ಯಾರಾದರೂ ಹೇಳಿದರೆ ನಕ್ಕು ಎದ್ದುಬಿಡುತ್ತಿದ್ದೆ. ಈಗ ಆಗಿದ್ದನ್ನು ಆಗಿದ್ದಂತೆ ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಕೆಸರೆಯ ಆಚೆ ನನ್ನ ತಾಯಿಯ ತವರು. ರಾಗಿ ಬೆಳೆಯುವ ಊರು. ಈಗ ಮೈಸೂರಿಗೇ ಸೇರಿಹೋಗಿದೆ. ಹಿಂದೆ ವಿದೇಶದ ಪಾದ್ರಿಯೊಬ್ಬರು ಅಲ್ಲಿ ನೆಲೆಸಿ, ಬಾವಿ ತೋಡಿಸಿ, ಅಕ್ಷರ ಕಲಿಸಿ, ನಮ್ಮವರಿಗೆ ಜ್ಞಾನಸ್ನಾನ ಕೊಟ್ಟರು. ನಮ್ಮಿಂದ ಅವರು ಕಲಿತದ್ದೂ ಒಂದಿದೆ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ನಾವು ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಆಮೇಲೆ ಎರಡು, ಮೂರು. ಪಾದ್ರಿಗೆ ಆ ಭಕಾರ ನಾಲಿಗೆಗೆ ಬಾರದೆ, ಕೊನೆ ಎಳೆದು ‘ಲಾಬಾ’ ಎನ್ನುತ್ತಿದ್ದರಂತೆ. ಚಿಕ್ಕಂದಿನಲ್ಲಿ ಅವರನ್ನು ಕಂಡಿದ್ದ ನನ್ನ ಸೋದರಮಾವ ಚೌರಪ್ಪ ಅದನ್ನು ಅಣಕಿಸಿ ನಮ್ಮನ್ನು ನಗಿಸುತ್ತಿದ್ದರು.

ಪಾದ್ರಿ ತೀರಿಕೊಂಡ ಮೇಲೆ ಸಮಾಧಿಗೆ ಹರಕೆ ಶುರುವಾಯಿತು. ಹರಕೆಯ ಹಿಂದೆ ಬಸ್ಸು, ಬಸ್ಸಿನ ಹಿಂದೆ ಲಾಡ್ಜು, ಮೇಣದಬತ್ತಿಯ ಅಂಗಡಿಸಾಲು. ಹೊಲಗಳೆಲ್ಲ ಸೈಟುಗಳಾದವು. ರೈತರಿಗಾಗಿ ಬಂದ ಮನುಷ್ಯನ ಹೆಸರಿನಲ್ಲೇ ರೈತರನ್ನು ಒಕ್ಕಲೆಬ್ಬಿಸಿದರಲ್ಲ! ಮಾವನ ಹೊಲವೊಂದು ಉಳಿದಿತ್ತು. ಕಣ ಇದ್ದದ್ದು ಸಮಾಧಿಯ ಪಕ್ಕ, ಚರ್ಚಿನ ಜಾಗದಲ್ಲಿ. ಪಾದ್ರಿ ಬಾಯಿಮಾತಿನಲ್ಲಿ ಊರಿಗೆ ಬಿಟ್ಟದ್ದು. ಬಸ್ಸು ನಿಲ್ಲಿಸಲು ಅದಕ್ಕೆ ಸಿಮೆಂಟು ಹಾಕಿಸುತ್ತೇವೆಂದು ಹಬ್ಬದ ಸಮಿತಿಯವರು ಹೊರಟರು.

ಜಾಗ ಅಳೆಯುವ ಸಂಜೆ ನಾನು ಲಕ್ಷ್ಮೀಪುರಂನ ನನ್ನ ಮನೆಯಿಂದ ಹೋಗಿದ್ದೆ. “ರಾಗಿ ಎಲ್ ಬಡೀಲಿ? ನಿಮ್ ತಲೆ ಮ್ಯಾಲಾ?” ಎಂದು ಮಾವ ಕೂಗಾಡುತ್ತಿದ್ದರು. ಸಮಿತಿಯವರ ಜೊತೆ ಬಂದಿದ್ದ ಕಂಟ್ರಾಕ್ಟರ್ ಕಿವಿಗೇ ಹಾಕಿಕೊಳ್ಳಲಿಲ್ಲ. ನಗರದೊಳಗಿನ ಚಾಮರಾಜಪುರಂನಲ್ಲಿ ಹುಟ್ಟಿ ಬೆಳೆದವನು, ಕಣ ಎಂದರೇನೆಂದು ಆಗಷ್ಟೇ ನನ್ನನ್ನು ಕೇಳಿದ್ದ. ಹೆಜ್ಜೆ ಹಾಕುತ್ತ ಎಣಿಸತೊಡಗಿದ.

“ಲಾಬಾ... ಎರಡು... ಮೂರು...”

ದನಿ ಅವನದಲ್ಲ. ಯಾರೋ ಮುದುಕರದು. ಮಾವ ಕೂಗಾಟ ಬಿಟ್ಟು ಶಿಲುಬೆಯ ಗುರುತು ಹಾಕಿಕೊಂಡರು. “ಪಾದ್ರಿ ಸ್ವಾಮ್ಗಳ ದನಿ ಕಣವ್ವಾ” ಎಂದರು.

ಕಂಟ್ರಾಕ್ಟರ್ ತಿರುಗಿ ನೋಡಿದ. “ಯಾಕ್ರೀ ಹಂಗ್ ನೋಡ್ತೀರಾ? ಒಂದು ಅಂತ ತಾನೆ ಅಂದಿದ್ದು?”

ಅಲ್ಲಿಗೆ ಕಣ ಉಳಿಯಿತು ಎಂದುಕೊಂಡಿರಾ? ಸಮಿತಿಯವರೂ ಕೇಳಿಸಿಕೊಂಡಿದ್ದರು. ಸಿಮೆಂಟಿನ ಬದಲು ಗ್ರಾನೈಟು ಬಂತು, ಸುತ್ತ ಗ್ರಿಲ್ಲು ಬಂತು, ‘ಪವಾಡದ ಕಣ’ ಎಂದು ಬೋರ್ಡು ಬಂತು. ಬಸ್ಸುಗಳು ಇನ್ನೂ ಹೆಚ್ಚಾದವು. ಮೊರ ಹಿಡಿದು ಹೋದ ಮಾವನಿಗೆ, “ಚಪ್ಪಲಿ ಬಿಟ್ಟು ಕ್ಯೂನಲ್ಲಿ ಬನ್ನಿ ತಾತ” ಎಂದರಂತೆ.

“ಬಸ್ ನಿಲ್ಸಿದ್ರೂ ಒಂದ್ ಮೂಲೇಲಿ ರಾಗಿ ಬಡ್ಕೋತಿದ್ದೆ. ಈಗ ಒಳಕ್ಕೇ ಬುಡಾಕಿಲ್ಲ ಕಣವ್ವಾ” ಎನ್ನುತ್ತಾರೆ ಮಾವ. ಅವರೀಗ ರಾಗಿ ತೆನೆಯನ್ನು ರಸ್ತೆಗೆ ಹರಡುತ್ತಾರೆ. ಹರಕೆಯವರ ಬಸ್ಸುಗಳು ಅದರ ಮೇಲೆಯೇ ಹಾದುಹೋಗುತ್ತವೆ.

ಆ ದನಿ ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯದು. ಕೇಳಲಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಆದರೆ ಸಿಟ್ಟು ಆ ಪಾದ್ರಿಯ ಮೇಲೂ ಇದೆ. ಸಮಾಧಿಯಿಂದ ಎದ್ದು ಬಂದು ಬಾಯಿ ತೆರೆದವರು, ಎಣಿಸಿ ಹೋಗುವ ಬದಲು ‘ಕಣ ಬಿಡಿ’ ಎಂದು ಒಂದು ಮಾತು ಆಡಬಾರದಿತ್ತೆ?