ಅಯ್ಯನವರ ಕೊಟ್ಟಿಗೆಗೆ ಬಂದ ಕಡಲ ಹಕ್ಕಿ

ಕಡಲ ಹಕ್ಕಿಗಳ ಬಗ್ಗೆ ಸಂಶೋಧನೆ ಮಾಡುವವಳು ಬೆಳಗಾವಿಯಲ್ಲಿ ಏಕಿದ್ದೀ ಎಂದು ಪೂರ್ಣಿಮಾಳನ್ನು ಕೇಳದವರಿಲ್ಲ. ಹಕ್ಕಿ ಕಡಲ ಮೇಲಿದ್ದಾಗ ನೋಡಲು ಬೇಕಾದಷ್ಟು ಜನರಿದ್ದಾರೆ, ದಾರಿ ತಪ್ಪಿ ನಮ್ಮ ಗದ್ದೆಗೆ ಬಿದ್ದಾಗ ಕೇಳುವವರಿಲ್ಲ ಎನ್ನುವುದು ಅವಳ ಉತ್ತರ. ಮಳೆಗಾಲದ ಬಿರುಗಾಳಿ ಪಡುವಣ ಕಡಲಿನ ಹಕ್ಕಿಗಳನ್ನು ಘಟ್ಟ ದಾಟಿಸಿ ಖಾನಾಪುರದ ಕಡೆ ತಂದು ಬೀಳಿಸುತ್ತದೆ. ಅಂಥವನ್ನು ಬದುಕಿಸಿ, ಕಾಲಿಗೆ ಗುರುತಿನ ಉಂಗುರ ಹಾಕಿ, ಮತ್ತೆ ಕಡಲಿಗೆ ಬಿಡಲು ಸಾಧ್ಯವೇ ಎಂಬುದೇ ಅವಳ ಅಧ್ಯಯನ. ಅರಣ್ಯ ಇಲಾಖೆಯ ಅನುಮತಿಯೂ ಇತ್ತು. ಇಲ್ಲದ್ದು ಜೀವಂತ ಹಕ್ಕಿ. ಯಾರೋ ಫೋನು ಮಾಡಿ, ಅವಳು ಬಸ್ಸು ಹಿಡಿದು ತಲುಪುವಷ್ಟರಲ್ಲಿ ಅದರ ಉಸಿರು ನಿಂತಿರುತ್ತಿತ್ತು. ಹೀಗೇ ಮೂರು ಮಳೆಗಾಲ ಕಳೆದಿದ್ದವು.

ಖಾನಾಪುರದ ಹತ್ತಿರದ ಬೀಡಿ ಎಂಬ ಊರಿನ ಅವಳ ಮನೆಯಲ್ಲಿ ಅವಳಿಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ತಂದೆ ಚನ್ನಬಸಯ್ಯನವರು ಊರಿಗೆಲ್ಲ ಅಯ್ಯನವರು. ಕೂಸಿಗೆ ಲಿಂಗ ಕಟ್ಟುವುದಕ್ಕೂ ಹೊಸ ಮನೆಯ ಪೂಜೆಗೂ ಅವರೇ ಆಗಬೇಕು. ಮಗಳು ಹಕ್ಕಿಗಳ ಬಗ್ಗೆ ಓದುತ್ತೇನೆಂದಾಗ, "ಓದವ್ವ, ಹಕ್ಕೀನೂ ಶಿವನ ಜೀವ ಅಲ್ಲೇನು" ಎಂದಿದ್ದರು. ಆ ಹಕ್ಕಿ ಏನು ತಿನ್ನುತ್ತದೆಂದು ಅವರು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಕಳೆದ ಆಷಾಢದ ಒಂದು ಬೆಳಿಗ್ಗೆ, ಬೆಳಗಾವಿಯ ಹಿಂದವಾಡಿಯ ಬಾಡಿಗೆ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅಪ್ಪನ ಫೋನು ಬಂತು.

"ಪೂರ್ಣಿ, ನಮ್ಮ ಗದ್ಯಾಗ ಒಂದು ಹಕ್ಕಿ ಬಿದ್ದಿತ್ತು. ಬೆನ್ನು ಕರೇದು, ಹೊಟ್ಟಿ ಬೆಳ್ಳಗ, ಬಾಲ ಕತ್ರಿ ಹಂಗ. ಜೀವ ಐತಿ. ಬುಟ್ಟ್ಯಾಗ ಇಟ್ಟೀನಿ, ಜ್ವಾಳ ಹಾಕಿದ್ರ ಮೂಸೂದಿಲ್ಲ."

ಅವಳಿಗೆ ಗುರುತು ಸಿಕ್ಕಿತು. ಅದು ಸೂಟಿ ಟರ್ನ್, ವರ್ಷಗಟ್ಟಲೆ ನೆಲ ಮುಟ್ಟದೆ ಕಡಲ ಮೇಲೆಯೇ ಹಾರಾಡುವ ಹಕ್ಕಿ. ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಓಡಿದಳು. ಹೊಳೆ ತುಂಬಿ ರಸ್ತೆ ಬಂದ್ ಆಗಿದೆ, ನಾಳೆಯವರೆಗೆ ಬಸ್ಸು ಬಿಡುವುದಿಲ್ಲ ಎಂದರು ಅಲ್ಲಿಯವರು. ಹಸಿದ ಹಕ್ಕಿಗೆ ನಾಳೆ ಬಹಳ ದೂರ. ಅಲ್ಲೇ ನಿಂತು ಮನೆಗೆ ಫೋನು ಮಾಡಿದಳು.

"ಅಪ್ಪಾ, ಸಿಟ್ಟಾಗಬ್ಯಾಡ್ರಿ. ಅದಕ್ಕ ಮೀನ ಬೇಕು. ಸಣ್ಣವು, ಹಸೀವು."



"ಹಾಲು ನಡಿಯೂದಿಲ್ಲೇನು?"

"ಇಲ್ರೀ."

"ಬಾಳಿಹಣ್ಣು?"

"ಅಪ್ಪಾ, ಅದು ಸಾಯ್ತದ್ರೀ."

ಹಿಂದಿನಿಂದ ತಾಯಿ ಗಂಗಾದೇವಿಯ ದನಿ ಬಂತು: "ಅಡಗಿಮನಿ ಬಾಜು ತರಬ್ಯಾಡ್ರಿ ಮತ್ತ! ಕೊಟಗ್ಯಾಗ ಏನರ ಮಾಡ್ಕೋರಿ. ನಾ ಕಣ್ಣು ಮುಚಗೊಂಡಿರತೀನಿ."

ಮುಂದೆ ನಡೆದದ್ದನ್ನು ಅವಳು ಆಮೇಲೆ ಒಬ್ಬೊಬ್ಬರ ಬಾಯಿಂದ ಕೇಳಿ ತಿಳಿದಳು. ಚನ್ನಬಸಯ್ಯನವರು ಕೊಡೆ ಹಿಡಿದು ಕೆರೆಯಲ್ಲಿ ಬಲೆ ಹಾಕುವ ಮುತ್ತಪ್ಪನ ಮನೆಗೆ ಹೋದರು. ಅವನಿರಲಿಲ್ಲ. ಹೆಂಡತಿ ನಾಗರತ್ನಾ ಸೆರಗು ಹೊದ್ದು ಬಂದು ಪಾದ ಮುಟ್ಟಿದಳು.

"ಬರ್ರಿ ಅಯ್ಯಾರ, ಕುಂದರ್ರಿ. ಏನ ಅಪ್ಪಣಿ ಆತು?"

"ಸ್ವಲ್ಪ ಮೀನ ಬೇಕಾಗಿತ್ತವ್ವ." ಅವರು ದನಿ ತಗ್ಗಿಸಿದರು. "ನನಗಲ್ಲ. ಒಂದು ಹಕ್ಕೀಗಿ."

ನಾಗರತ್ನಾ ಅವರ ಹಣೆಯ ವಿಭೂತಿ ನೋಡಿದಳು, ಓಣಿಯ ಆ ಕಡೆ ಈ ಕಡೆ ನೋಡಿದಳು. "ಹಕ್ಕೀಗಿ," ಎಂದಳು ನಿಧಾನವಾಗಿ. "ಆಗಲ್ರೀ. ನೀವು ಮನೀಗಿ ನಡೀರಿ, ನಾನ ತರತೀನಿ. ಯಾರಿಗೂ ಗೊತ್ತಾಗೂದಿಲ್ಲ."

ತುಸು ಹೊತ್ತಿಗೆ ಪೂಜೆಗೆ ಹೂ ತರುವವಳಂತೆ ಮುಚ್ಚಿದ ಡಬ್ಬಿಯ ಮೇಲೆ ಚೆಂಡುಹೂ ಹರಡಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದಳು. "ಮುಳ್ಳು ತಗದೀನ್ರೀ ಅಯ್ಯಾರ. ರೂಢಿ ಇಲ್ಲದವರಿಗಿ ಗಂಟಲಾಗ ಸಿಗತಾವು." ಮುಚ್ಚಳ ತೆಗೆದರೆ ಕೆಂಪು ಖಾರ ಸವರಿ ಹುರಿದ ಮೀನು, ಮೇಲೊಂದು ಲಿಂಬೆ ಹೋಳು.

ಅಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. "ಏ ಯವ್ವಾ, ಖರೇನ ಹಕ್ಕಿ ಐತಿ!" ಎಂದು ಬುಟ್ಟಿ ಎತ್ತಿ ತೋರಿಸಿದರು. ಹಕ್ಕಿ ಕೊಕ್ಕು ತೆರೆದು ಕರ್ಕಶವಾಗಿ ಕೂಗಿತು.

ನಾಗರತ್ನಾ ಹಕ್ಕಿಯನ್ನು ನೋಡಿದಳು, ಡಬ್ಬಿ ನೋಡಿದಳು, ಹುಲ್ಲಿನ ಮೇಲೆ ಕುಸಿದು ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಯ್ಯಾರು ಈ ವಯಸ್ಸಿನಾಗ ದಾರಿ ತಪ್ಯಾರ ಅನ್ಕೊಂಡಿದ್ದೆ ನೋಡ್ರಿ!"

"ತಪ್ಪಿದ್ರೂ ಮುಳ್ಳು ತಗದು ಕೊಟ್ಟಿ ಅಲ್ಲವ್ವ," ಎಂದರು ಅವರು. ಕಣ್ಣು ಮುಚ್ಚಿಕೊಂಡಿರಬೇಕಾದ ಗಂಗಾದೇವಿ ಬಾಗಿಲ ಹಿಂದಿನಿಂದ ಎಲ್ಲರಿಗಿಂತ ಜೋರಾಗಿ ನಕ್ಕರು.

ಸುದ್ದಿ ತಿಳಿದು ಮುತ್ತಪ್ಪ ಬಕೀಟಿನಲ್ಲಿ ಜೀವಂತ ಮರಿಮೀನು ತಂದ. ಹಕ್ಕಿ ತಾನಾಗಿ ತಿನ್ನಲಿಲ್ಲ. ಪೂರ್ಣಿಮಾ ವಿಡಿಯೋ ಕರೆಯಲ್ಲಿ ಹೇಳಿಕೊಟ್ಟಳು: ಕೊಕ್ಕು ಮೆಲ್ಲಗೆ ಬಿಡಿಸಿ, ಮೀನಿನ ತಲೆ ಮುಂದಾಗಿ ಇಡಬೇಕು. ಮುತ್ತಪ್ಪ ಹಕ್ಕಿಯನ್ನು ಹಿಡಿದುಕೊಂಡ. ಮೀನು ಯಾರು ಇಡಬೇಕೆಂಬ ಮಾತು ಬರುವ ಮೊದಲೇ ಚನ್ನಬಸಯ್ಯನವರು ಬಕೀಟಿಗೆ ಕೈ ಹಾಕಿದರು. "ಶಿವ ಶಿವಾ, ಜಾರತೈತಿ ಇದು!" ಮೊದಲನೆಯದನ್ನು ಹಕ್ಕಿ ಉಗುಳಿತು. ಎರಡನೆಯದೂ ನೆಲಕ್ಕೆ ಬಿತ್ತು. ಮೂರನೆಯದು ಗಂಟಲಲ್ಲಿ ಇಳಿಯುವುದು ಹೊರಗಿನಿಂದಲೇ ಕಂಡಿತು. ಹಿಂದವಾಡಿಯ ಕೋಣೆಯಲ್ಲಿ ಅವಳು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದಳು. ಮೀನಿನ ಅಂಗಡಿ ಕಂಡರೆ ರಸ್ತೆ ದಾಟಿ ನಡೆಯುವ ಅಪ್ಪನ ಬೆರಳುಗಳು ಅವು.

ಮರುದಿನ ಅವಳು ತಲುಪಿದಾಗ ಹಕ್ಕಿ ತಲೆ ಎತ್ತಿ ನಿಂತಿತ್ತು. ತೂಕ ಕೂಡಿ, ರೆಕ್ಕೆಯಲ್ಲಿ ಬಲ ಬರುವವರೆಗೆ ಊಟ ಮುತ್ತಪ್ಪನ ಬಲೆಯದು, ಉಪಚಾರ ಅಯ್ಯನವರದು. ಆಮೇಲೆ ಉಂಗುರ ಹಾಕಿ, ಇಲಾಖೆಯ ಜೀಪಿನಲ್ಲಿ ಕಾರವಾರಕ್ಕೆ ಒಯ್ದಳು. ಮಳೆ ಬಿಟ್ಟ ಒಂದು ಮಧ್ಯಾಹ್ನ ಅಂಗೈ ಬಿಚ್ಚಿದಳು. ಹಕ್ಕಿ ಗಾಳಿಗೆ ತುಸು ಓಲಾಡಿತು, ರೆಕ್ಕೆ ಚಾಚಿತು, ಅಲೆಗಳ ಮೇಲೆ ನೇರವಾಗಿ ಪಡುವಣಕ್ಕೆ ಹೋಯಿತು.

ದಂಡೆಯಿಂದಲೇ ಮನೆಗೆ ಫೋನು ಮಾಡಿದಳು.

"ಹೋತೇನು?"

"ಹೋತ್ರೀ ಅಪ್ಪಾ. ನನ್ನ ಕೈಯಿಂದ ಜೀವಂತ ಹೋದ ಮೊದಲನೇ ಹಕ್ಕಿ. ಪ್ರಬಂಧದಾಗ ಉಪಕಾರ ನೆನಸೂ ಹಾಳಿ ಇರತೈತಿ, ಅಲ್ಲಿ ನಿಮ್ಮ ಹೆಸರ ಮೊದಲ ಬರೀತೀನಿ."

"ನಂದು ಆಮ್ಯಾಲ ಬರಿಯವ್ವ. ನಾಗರತ್ನಾಂದು ಮೊದಲ ಹಾಕು. ನಾ ಹಕ್ಕಿ ಜೀವ ನೋಡಿದೆ. ಆಕಿ ಹಕ್ಕೀನ ನೋಡಿರಲಿಲ್ಲ, ಆದ್ರೂ ನನ್ನ ಮಾನ ಕಾಯಾಕ ಹೂವು ಮುಚಗೊಂಡು ಬಂದ್ಳು."

ಪೂರ್ಣಿಮಾ ಹಾಗೆಯೇ ಬರೆದಳು.