ಅಕ್ಕನ ಕುರ್ಚಿಗೆ ಬಾರದ ಡ್ರಮ್ಮು

ನಮ್ಮ ಭಾವ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನವರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಆ ಭಾಗದ ಮೇಲೊಂದು ಕೆಂಪು ಚುಕ್ಕೆಯಿಟ್ಟು ಪಕ್ಕಕ್ಕೆ ತಳ್ಳುತ್ತಾರೆ. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ಮನೆಯಲ್ಲೂ ಅದೇ ಕಣ್ಣು. ನಾನು ಬರೆಯುವ ಹಾಸ್ಯಲೇಖನಗಳೂ ಆ ಮೇಜಿಗೆ ಹೋಗುತ್ತವೆ. ಇನ್ನೂ ಒಂದೂ ಪಾಸಾಗಿಲ್ಲ.

ಕೋಪ ಮೂಗಿನ ತುದಿಯಲ್ಲಿರುತ್ತದೆ ಅನ್ನುತ್ತಾರಲ್ಲ, ಭಾವನ ಕೋಪಕ್ಕೆ ಅಷ್ಟು ಜಾಗ ಸಾಲದು. ಅದು ಇಳಿಯುತ್ತಿದ್ದದ್ದು ಸಂಜೆ ಅಕ್ಕನ ಜೊತೆ ಕೂತು ಸ್ಟೀರಿಯೋ ಕೇಳುವಾಗ ಮಾತ್ರ. ಡ್ರಮ್ಮಿನ ಸದ್ದು ಸಾಲದು ಅನ್ನಿಸಿ, ತಗ್ಗಿನ ಸ್ವರಗಳಿಗೆಂದೇ ಇರುವ ಪೆಟ್ಟಿಗೆ, ಸಬ್‌ವೂಫರ್, ತರಲು ನನ್ನನ್ನೂ ಎಳೆದುಕೊಂಡು ಹೊರಟರು.

"ಎರಡು ತಗೊಳ್ಳಿ ಸಾರ್," ಅಂದ ಅಂಗಡಿಯವನು. "ಒಂದೇ ಆದ್ರೆ ರೂಮಲ್ಲಿ ಒಂದ್ಕಡೆ ಗುಮ್ಮಂತ ತುಂಬ್ಕೊಳ್ಳುತ್ತೆ, ಇನ್ನೊಂದ್ಕಡೆ ಏನೂ ಇರಲ್ಲ."

"ಕೆಲಸ ಬರದವನಿಗೆ ಎರಡು ಬೇಕು. ಇಡೋ ಜಾಗ ಗೊತ್ತಿದ್ರೆ ಒಂದು ಸಾಕು," ಎಂದು ಭಾವ ರೇಗಿದರು. ನಾನು ತಲೆಯಾಡಿಸಿದೆ. ಅದು ನನ್ನ ಅಭ್ಯಾಸ, ಅಭಿಪ್ರಾಯ ಅಂತ ಯಾರೂ ತಿಳಿಯಬಾರದು.

ಜಾಗ ಹುಡುಕುವುದಕ್ಕೆ ಒಂದು ಕ್ರಮವಿದೆ. ನಾವು ಕೂರುವ ಕುರ್ಚಿಯ ಮೇಲೆ ಪೆಟ್ಟಿಗೆ ಕೂರಿಸಿ, ಹಾಡು ಹಾಕಿ, ಗೋಡೆಗುಂಟ ಅಂಬೆಗಾಲಿಕ್ಕಬೇಕು. ಡ್ರಮ್ಮು ಎಲ್ಲಿ ಚೆನ್ನಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆಯನ್ನಿಡಬೇಕು. ಭಾವ ಅದನ್ನು ಹಿಂದಿನ ಗೋಡೆಗೆ ಒರಗಿದ್ದ ತಮ್ಮ ಕುರ್ಚಿಯ ಮೇಲೆ ಕೂರಿಸಿದರು. ಮುಂದೆ ಅವರು, ಹಿಂದೆ ಅಳತೆ ಟೇಪು ಹಿಡಿದ ನಾನು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದಳು: "ಇಬ್ರಲ್ಲಿ ಯಾರು ಮೊದ್ಲು ನಡಿಯೋದು ಕಲಿತೀರಿ?"

ಅಂದು ಸಂಜೆ, ಸಿಕ್ಕ ಜಾಗದಲ್ಲಿ ಪೆಟ್ಟಿಗೆಯಿಟ್ಟು, ಭಾವ ತಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ತಲೆದೂಗಿದರು. ಕೋಣೆಯ ನಡುವಿನ ತನ್ನ ಕುರ್ಚಿಯಲ್ಲಿ ಕೂತ ಅಕ್ಕ, "ಡ್ರಮ್ಮೆಲ್ಲಿ? ಏನೂ ಇಲ್ವಲ್ಲ," ಅಂದಳು.

"ಗಮನ ಕೊಟ್ಟು ಕೇಳು."

"ಕೊಟ್ಟೆ."

"ಹಾಗಾದ್ರೆ ಕಿವಿ ತೋರಿಸ್ಕೊ."

ನಾಲ್ಕು ಸಂಜೆ ಇದೇ ನಡೆಯಿತು. ಐದನೆಯ ಸಂಜೆ ಅಕ್ಕ ಅಡುಗೆಮನೆ ಬಿಟ್ಟು ಬರಲಿಲ್ಲ. ಪಾತ್ರೆಗಳು ಡ್ರಮ್ಮಿಗಿಂತ ಜೋರಾಗಿ ಮಾತಾಡುತ್ತಿದ್ದವು.

"ನಿಮ್ಮಕ್ಕನಿಗೆ ಸಂಗೀತದ ಗಂಧವೇ ಇಲ್ಲ ಕಣೋ," ಎಂದು ಭಾವ ನನ್ನ ಮೇಲೆ ಹರಿಹಾಯ್ದರು.

ಪಾತ್ರೆಗಳ ಸದ್ದು ನಿಂತಿತು. ಅಕ್ಕ ಉಗುರುಬಣ್ಣದ ಸೀಸೆ ಹಿಡಿದು ಬಂದವಳೇ ಹೊಸ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟಳು.

"ಏನಿದು?"

"ರಿಜೆಕ್ಟು."

"ಅಳತೆ ನೋಡ್ದೆ ಗುರುತು ಹಾಕೋ ಹಾಗಿಲ್ಲ."

"ನಾಲ್ಕು ದಿನ ನೋಡಿದೀನಿ, ನನ್ನ ಕುರ್ಚಿಯಿಂದ. ನೀವು ಒಂದ್ಸಲನಾದ್ರೂ ಅದ್ರಲ್ಲಿ ಕೂತಿದೀರಾ? ಟೀವಿ ನಿಮ್ಮ ಕುರ್ಚಿ ಕಡೆ, ಫ್ಯಾನು ನಿಮ್ಮ ಕುರ್ಚಿ ಮೇಲೆ, ಈಗ ಡ್ರಮ್ಮೂ ಅಲ್ಲೇ. ನಾನಿನ್ನು ಈ ರೂಮಿಗೆ ಹಾಡು ಕೇಳೋಕೆ ಬರಲ್ಲ. ನೀವೊಬ್ರೇ ಕೇಳ್ಕೊಳ್ಳಿ."

ದನಿ ಏರಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಅವಳದೇ ತಪ್ಪೆಂದು ತೋರಿಸಲು ಭಾವ ಅವಳ ಕುರ್ಚಿಯಲ್ಲಿ ಧೊಪ್ಪನೆ ಕೂತರು. ಡ್ರಮ್ಮು ಮಾಯ. ಎದ್ದು ಹಿಂದಿನ ಗೋಡೆಯ ಹತ್ತಿರ ಹೋದರು, ಬಂತು. ಮತ್ತೆ ಬಂದು ಕೂತರು, ಮಾಯ. ಮೂರು ಸಲ ಹೀಗೆ ಕವಾಯತು ಮಾಡಿ, ಮುಖ ಕೆಂಪಗೆ ಮಾಡಿಕೊಂಡು ನನ್ನ ಕಡೆ ತಿರುಗಿದರು.

"ನಿಂಗೆ ಬಾಯಿರ್ಲಿಲ್ವಾ? ಅಂಗಡೀಲೇ ಹೇಳೋಕೇನಾಗಿತ್ತು?"

ಅಕ್ಕನ ಹತ್ತಿರ ಕೇಳಬೇಕಾದ ಕ್ಷಮೆಯೆಲ್ಲ ಭಾವನ ಬಾಯಲ್ಲಿ ನನಗೆ ಬೈಗುಳವಾಗಿ ಬರುತ್ತದೆ. ಅವರ ಮದುವೆಯಾದಾಗಿನಿಂದ ನಾನು ಅದನ್ನು ಪಡೆದುಕೊಳ್ಳುತ್ತಲೇ ಇದ್ದೇನೆ.

ಮರುದಿನ ಅಂಗಡಿಯವನು ಎರಡನೆಯ ಪೆಟ್ಟಿಗೆ ಕೊಡುತ್ತಾ ನಕ್ಕ. ಆ ನಗುವಿಗೆ ಭಾವ ದಾರಿಯುದ್ದಕ್ಕೂ ಉರಿದರು. ಮನೆಗೆ ಬಂದು ಪೆಟ್ಟಿಗೆಯನ್ನು ಅಕ್ಕನ ಕುರ್ಚಿಯ ಮೇಲೆ ಕೂರಿಸಿ, ಗೋಡೆಗೆ, ಅಂಗಡಿಯವನಿಗೆ, ನನಗೆ ಸರದಿಯ ಮೇಲೆ ಬೈಯುತ್ತಾ ಒಬ್ಬರೇ ಅಂಬೆಗಾಲಿಕ್ಕಿದರು. ಜಾಗ ಸಿಕ್ಕಿ ಪೆಟ್ಟಿಗೆ ಅಲ್ಲಿಗೆ ಸೇರುವ ಹೊತ್ತಿಗೆ ಪ್ಯಾಂಟಿನ ಮೊಣಕಾಲೆಲ್ಲ ಧೂಳು.

ಅಡುಗೆಮನೆಯ ಬಾಗಿಲಿಗೆ ಹೋಗಿ, "ತಪಾಸಣೆಗೆ ಬರ್ಬೇಕು," ಅಂದರು.

ಅಕ್ಕ ಕೈ ಒರೆಸಿಕೊಂಡು ಬಂದು ಕೂತಳು. ಡ್ರಮ್ಮಿನ ಪೆಟ್ಟು ಕಿವಿಗೆ ಬಿತ್ತು. ಅವಳ ಹೆಬ್ಬೆರಳು ಕುರ್ಚಿಯ ಕೈಯ ಮೇಲೆ ತಾಳ ಹಾಕತೊಡಗಿತು. ಭಾವ ಕೂರದೆ ಪಕ್ಕದಲ್ಲೇ ನಿಂತಿದ್ದರು.

"ಪಾಸಾ?"

"ಅರ್ಧದಿಂದ ಹಾಕಿದೀರಿ. ಮೊದಲಿಂದ ಹಾಕಿ."

ಭಾವ ಗೊಣಗುತ್ತಲೇ ಹೋಗಿ ಮೊದಲಿಂದ ಹಾಕಿದರು.